ಅಳಿಯನ ಫೋನೋ ಸ್ಟೇಜು, ನನ್ನ ನಾಚಿಕೆ

ನಾಚಿಕೆ ಒಂದು ಮಟ್ಟದವರೆಗೆ ಚೆಂದ; ಅದನ್ನು ದಾಟಿದರೆ ಮನೆಯ ಸಾಮಾನೂ ಕೆಡುತ್ತದೆ. ಮಕ್ಕಳೇ, ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಕ್ಕದ ಹುಡುಗಿಯ ಕಿವಿಯಲ್ಲಿ ಹೇಳಿ, ಅವಳಿಂದ ಹೇಳಿಸುತ್ತಿದ್ದವಳು ನಾನು. ಶಹಬ್ಬಾಸ್‌ಗಿರಿಯೆಲ್ಲ ಅವಳಿಗೇ. ನಿಮ್ಮಪ್ಪ ಈ ಮನೆಯ ಅಳಿಯನಾಗಿ ಹದಿನಾಲ್ಕು ವರ್ಷವಾದರೂ ನಾನು ಅವರೆದುರು ನಿಂತು ಒಂದು ಮಾತೂ ಆಡಿರಲಿಲ್ಲ. "ಇನ್ನೊಂದು ಮುದ್ದೆ ಬೇಕಾ ಕೇಳೇ" ಎಂದು ಬಾಗಿಲ ಹಿಂದಿನಿಂದ ನಿಮ್ಮಮ್ಮನಿಗೆ ನಾನು ಹೇಳುವುದು, "ಸಾಕು ಅಂತ ಹೇಳು" ಎಂದು ಅವರು ಅವಳಿಗೇ ಹೇಳುವುದು. ಮೂರಡಿ ದೂರಕ್ಕೆ ಒಬ್ಬಳು ದುಭಾಷಿ.

ನಿಮ್ಮ ತಾತ ಕೈಯಾರೆ ಕೂರಿಸಿದ ವಾಲ್ವಿನ ಪ್ರೀಆಂಪ್ಲಿಫೈಯರ್ ಇದೆಯಲ್ಲ, ವಾಲ್ವೆಂಬ ಗಾಜಿನ ಬುರುಡೆಗಳು ಕೆಂಪಗೆ ಉರಿಯುವ ಪೆಟ್ಟಿಗೆ, ಅದರಲ್ಲಿ ಟೇಪು ಹಾಡುತ್ತಿತ್ತು, ರೆಕಾರ್ಡು ಹಾಡುತ್ತಿರಲಿಲ್ಲ. ರೆಕಾರ್ಡಿನ ಮುಳ್ಳಿನಿಂದ ಬರುವ ದನಿ ನನ್ನ ದನಿಯಷ್ಟೇ ಸಣ್ಣದಂತೆ. ಅದನ್ನು ದೊಡ್ಡದು ಮಾಡಿ ಹದಕ್ಕೆ ತರಲು ಫೋನೋ ಸ್ಟೇಜ್ ಎಂಬ ಇನ್ನೊಂದು ಭಾಗ ಬೇಕಂತೆ. ಅದನ್ನು ಸೇರಿಸುವ ಮೊದಲೇ ತಾತ ಹೋದರು. ಅವರು ಆಸೆಪಟ್ಟು ತಂದ ರೆಕಾರ್ಡುಗಳು ಟ್ರಂಕಿನಲ್ಲೇ ಉಳಿದವು.

ನರಸಾಪುರದ ಫ್ಯಾಕ್ಟರಿಗೆ ಹೋಗುವ ನಿಮ್ಮಪ್ಪ, "ಮಾವ ಬಿಟ್ಟಿದ್ದನ್ನ ನಾನು ಮುಗಿಸ್ತೀನಿ" ಎಂದು ರಜೆಯ ದಿನಗಳಲ್ಲಿ ಬೆಸುಗೆ ಹಾಕುತ್ತಾ ಕೂತರು. ಎಲ್ಲ ಮುಗಿಸಿ, ಮುಚ್ಚಳ ಹಾಕುವ ಮುಂಚೆ ಊಟಕ್ಕೆದ್ದರು. ಹೊಸ ಒಲೆ ಬಂದರೂ ಅರಿಶಿನ ಇಡದೆ ಮುಟ್ಟುವ ಮನೆಯಲ್ಲ ನಮ್ಮದು. ಹೊರಗೆ ಇಟ್ಟರೆ ಅಳಿಯನಿಗೆ ಕಂಡೀತೆಂದು ನಾಚಿಕೆಯಾಗಿ, ಒಳಗೆ ವಾಲ್ವು ಕೂರುವ ಹೊಸ ಸಾಕೆಟ್ಟುಗಳ ನಡುವೆ ಕಲಸಿದ ಅರಿಶಿನದ ಬೊಟ್ಟಿಟ್ಟೆ.

ಸಂಜೆ ರೆಕಾರ್ಡು ಹಾಕಿದರೆ ಹಾಡಿಲ್ಲ, ಒಗ್ಗರಣೆ ಸಿಡಿಯುವ ಸದ್ದು. ಮೂರು ವಾರ ನಿಮ್ಮಪ್ಪ ವೈರು ಬದಲಿಸಿದರು, ವಾಲ್ವು ಬದಲಿಸಿದರು. ಹಳದಿ ಕಲೆಯನ್ನು ಬೆಸುಗೆ ಹಾಕಿದಾಗ ಉಳಿಯುವ ರಾಳ ಎಂದುಕೊಂಡಿದ್ದರಂತೆ.

"ಇನ್ನು ಇರೋ ಟೇಪೂ ಹಾಡಲ್ಲ, ನೋಡ್ತಿರಿ" ಎಂದಳು ನಿಮ್ಮಮ್ಮ.

"ಅಯ್ಯೋ ದೇವುಡಾ, ಸುಮ್ನಿರೇ! ಎಲ್ಲೋ ತೇವ ಸೇರ್ಕೊಂಡು ಕರೆಂಟು ಸೋರ್ತೈತೆ" ಎಂದರು ನಿಮ್ಮಪ್ಪ.

ತೇವ ಎಂದ ಕೂಡಲೇ ನನಗೆ ಆ ಕಲಸಿದ ಅರಿಶಿನ ನೆನಪಾಯಿತು. ನಾಚಿಕೆಯಿಂದ ಬಾಗಿಲ ಹಿಂದಕ್ಕೆ ಇನ್ನಷ್ಟು ಸರಿದುಕೊಂಡೆ. ನಾಲ್ಕನೆಯ ವಾರ ನಿಮ್ಮಪ್ಪ, "ನನ್ನ ಕೈಲಾಗಲ್ಲ, ಕಿತ್ತಾಕ್ತೀನಿ. ರೆಕಾರ್ಡು ಯಾರಿಗಾದ್ರೂ ಕೊಟ್ಬಿಡೋಣ" ಎಂದು ತಮ್ಮಷ್ಟಕ್ಕೆ ಗೊಣಗುತ್ತಾ ಬೆಸುಗೆ ಕಡ್ಡಿ ಕಾಯಿಸಲು ಇಟ್ಟರು. ನಿಮ್ಮಮ್ಮನ ಕಿವಿಯಲ್ಲಿ ಹೇಳೋಣವೆಂದರೆ ಅವಳು ಡೈರಿಗೆ ಹಾಲು ಹಾಕಲು ಹೋಗಿದ್ದಳು. ಕಡ್ಡಿ ಆಗಲೇ ಹೊಗೆಯಾಡುತ್ತಿತ್ತು. ಸೆರಗು ಹಿಡಿದುಕೊಂಡು ಬಾಗಿಲಿನಿಂದ ಈಚೆ ಬಂದೆ.

"ತಪ್ಪು ನಿಮ್ದಲ್ಲಪ್ಪ. ಒಳಗೆ ಅರಿಶಿನ ಇಟ್ಟಿದ್ದು ನಾನು."

ನಿಮ್ಮಪ್ಪ ಅರಿಶಿನದ ಮಾತೇ ಎತ್ತಲಿಲ್ಲ. ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿ, "ಅತ್ತೇ, ನೀವು ಮಾತಾಡ್ತೀರಾ?" ಎಂದರು.

ಆ ಸಾಕೆಟ್ಟುಗಳನ್ನು ಕಿತ್ತು ಬೇರೆ ಹಾಕಿದರು. ರೆಕಾರ್ಡು ತಿರುಗಿತು; ತಾತ ಕೇಳಬೇಕೆಂದಿದ್ದ ನಾದಸ್ವರ ಸ್ವಚ್ಛವಾಗಿ ಮನೆಯೆಲ್ಲ ತುಂಬಿತು. ನನ್ನ ಕಣ್ಣೂ ತುಂಬಿತು. "ಹೆಂಗೈತೆ ಅತ್ತೆ?" ಎಂದರು. ಒಂದು ಸಲ ಬಾಯಿ ಬಿಟ್ಟಾಗಿತ್ತಲ್ಲ, "ಎಡಗಡೆ ಸ್ಪೀಕರ್ ಡಬ್ಬದ ದನಿ ಸ್ವಲ್ಪ ಕಮ್ಮಿ ಕಣಪ್ಪ" ಎಂದೆ. ನಿಮ್ಮಮ್ಮ ಖಾಲಿ ಕ್ಯಾನು ಹಿಡಿದು ಬರುವಷ್ಟರಲ್ಲಿ ನಾನು ಅಳಿಯನೆದುರು ಕುರ್ಚಿಯಲ್ಲಿ ಕೂತು ವಾದ ಮಾಡುತ್ತಿದ್ದೆ.

ಈಗ ರೆಕಾರ್ಡು ಹಾಕಿದಾಗಲೆಲ್ಲ ನಿಮ್ಮಮ್ಮನದು ಒಂದೇ ಮಾತು: "ಅಮ್ಮಾ, ಸ್ವಲ್ಪ ಸುಮ್ನಿರ್ತೀಯಾ? ಹಾಡು ಕೇಳಿಸ್ತಿಲ್ಲ."