ಸಾಹೇಬರ ಕಾರಿನ ಜ್ವರ

ಕಚೇರಿಯ ಗೇಟು ಇನ್ನು ನೂರು ಮಾರು ದೂರವಿದ್ದಾಗ ಸೂಜಿ ಕೆಂಪು ಗೆರೆಯನ್ನು ಮುಟ್ಟಿತು. ಮುಟ್ಟಿದ್ದಷ್ಟೇ ಅಲ್ಲ, ಮಾವನ ಮನೆಗೆ ಬಂದ ಅಳಿಯನ ಹಾಗೆ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಆವಿ ಎದ್ದು ಗಾಜನ್ನು ಮುಚ್ಚಿತು.

ಹಿಂದಿನ ಸೀಟಿನ ಸಾಹೇಬರು ಪತ್ರಿಕೆಯಿಂದ ತಲೆ ಎತ್ತದೆ ಕೇಳಿದರು: "ಮಂಜೇನಯ್ಯಾ?"

"ಮಂಜಲ್ಲ ಸಾರ್. ಎಂಜಿನ್ ಕುದೀತಿದೆ."

"ಮೂರು ಗಂಟೆಯೊಳಗೆ ಆರಿಸು. ಮೂರಕ್ಕೆ ಕೇಂದ್ರ ಕಚೇರಿಗೆ ಹೊರಡ್ಬೇಕು. ನಿನ್ನ ಫೈಲೂ ಇವತ್ತೇ ಹೋಗೋದು, ಗೊತ್ತಲ್ಲ?"

ಗೊತ್ತಿಲ್ಲದೆ ಏನು! ರಾತ್ರಿಯೆಲ್ಲ ಅವನು ನಿದ್ದೆಯಲ್ಲೂ ಅದನ್ನೇ ಜಪಿಸಿದ್ದ. ಹನ್ನೆರಡು ವರ್ಷದಿಂದ ಆ ಕಚೇರಿಯ ಕಾರು ಓಡಿಸುತ್ತಿದ್ದರೂ ಅವನು ತಾತ್ಕಾಲಿಕ ಡ್ರೈವರ್. ಎಷ್ಟರಮಟ್ಟಿಗೆಂದರೆ ಅವನ ಹೆಸರನ್ನು ಎಲ್ಲರೂ ಮರೆತು 'ಟೆಂಪರರಿ' ಎಂದೇ ಕರೆಯುತ್ತಿದ್ದರು. ಮೂರು ಸಾಹೇಬರು ಬಂದು ಹೋದರು, ಎರಡು ಕಾರು ಗುಜರಿಗೆ ಹೋದವು, ಟೆಂಪರರಿ ಮಾತ್ರ ಕದಲಲಿಲ್ಲ. ಈಗ ಕೇಂದ್ರ ಕಚೇರಿಗೆ ಅಪರೂಪಕ್ಕೆ ಕರುಣೆ ಉಕ್ಕಿತ್ತು: ಒಂದೇ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರ ಫೈಲನ್ನು ಅವರವರ ಸಾಹೇಬರು ಇವತ್ತು ಸಂಜೆ ಐದರೊಳಗೆ ಖುದ್ದಾಗಿ ತಂದುಕೊಟ್ಟರೆ ಸ್ಥಳದಲ್ಲೇ ಕಾಯಂ ಆದೇಶ. ಐದು ಮೀರಿದರೆ ಇಲ್ಲ. ಅರವತ್ತು ಕಿಲೋಮೀಟರ್ ದಾರಿ. ಬಾಡಿಗೆ ಗಾಡಿಯಲ್ಲಿ ಹೋಗಿ ಇಳಿಯುವುದು ಸಾಹೇಬರ ಘನತೆಗೆ ಒಗ್ಗದು. ಒಬ್ಬನ ಅನ್ನ ಹೋದರೂ ಪರವಾಗಿಲ್ಲ, ಇನ್ನೊಬ್ಬನ ಘನತೆ ಉಳಿಯಬೇಕಲ್ಲ!

ಬೆಳಿಗ್ಗೆ ಹೊರಡುವಾಗ ಹೆಂಡತಿ ಹೇಳಿದ್ದಳು: "ಸಂಜೆ ಕಾಯಂ ಆಗಿ ಬನ್ನಿ. ಇಲ್ಲಾಂದ್ರೆ ನಾಳೆಯಿಂದ ನಾನೂ ನಿಮ್ಮನ್ನ ದಿನಗೂಲಿ ಮೇಲೆ ಇಟ್ಕೋತೀನಿ."

ಟೆಂಪರರಿ ಕಾರನ್ನು ನೆರಳಿಗೆ ತಳ್ಳಿ ಬಾನೆಟ್ ಎತ್ತಿದ. ಸತ್ತವರ ಮನೆಗೆ ನೆಂಟರು ಸೇರುವ ಹಾಗೆ ಕಚೇರಿ ಸೇರಿತು.

ಮೊದಲು ಬಂದವನು ಗೇಟಿನ ಕಾವಲುಗಾರ. "ನೀರು ಕಮ್ಮಿಯಾಗಿದೆ ಕಣೋ. ಮುಚ್ಚಳ ತೆಗ್ದು ನೀರು ಹುಯ್ಯಿ."

"ಅಯ್ಯೋ, ಮುಟ್ಬೇಡ ಮಾರಾಯ! ಬಿಸಿ ಇರುವಾಗ ತೆಗೆದ್ರೆ ಕುದಿನೀರು ಮುಖಕ್ಕೆ ಹಾರುತ್ತೆ. ಒಂದು ಗಂಟೆ ಆರಲಿ," ಎಂದು ಟೆಂಪರರಿ ನೀರು ತರಲು ಹೋದ.

ಅವನು ನಲ್ಲಿಯ ಹತ್ತಿರ ಇದ್ದಾಗಲೇ ಹೆಡ್ ಗುಮಾಸ್ತರು ಅವನ ಫೈಲನ್ನು ಎದೆಗವಚಿಕೊಂಡು ಬಂದರು. ಸಹಿಗೆ ಹೊರಟಿದ್ದವರು ದಾರಿಯಲ್ಲಿ ಗುಂಪು ಕಂಡು ನಿಂತಿದ್ದರು. ಗುಂಪು ಕಂಡರೆ ಗುಮಾಸ್ತರಿಗೆ ಅಧ್ಯಕ್ಷತೆ ವಹಿಸುವ ಚಪಲ.

"ಎಷ್ಟು ನೀರಿದೆ ಅಂತ ನೋಡದೆ ತೀರ್ಮಾನಕ್ಕೆ ಬರೋದು ಹೇಗ್ರೀ? ಪರಿಶೀಲನೆ ಆಗ್ಬೇಕು. ತೆಗಿಯಪ್ಪಾ ಮುಚ್ಚಳ."

ಕಾವಲುಗಾರ ಬಟ್ಟೆ ಸುತ್ತಿ, ದೂರ ನಿಂತು, ಕೈ ಚಾಚಿ ತಿರುವಿದ. ಬುಸ್ಸೆಂದು ಕಾರಂಜಿ ಎದ್ದಿತು. ಕಾವಲುಗಾರ ಹಿಂದಕ್ಕೆ ಹಾರಿದ. ಗುಮಾಸ್ತರು ಕೈಯಲ್ಲಿದ್ದದ್ದನ್ನೇ ಗುರಾಣಿ ಮಾಡಿ ಮುಖ ಉಳಿಸಿಕೊಂಡರು. ಟೆಂಪರರಿಯ ಹನ್ನೆರಡು ವರ್ಷದ ಸೇವೆ ಮೊತ್ತಮೊದಲ ಬಾರಿಗೆ ಒಬ್ಬರ ಉಪಯೋಗಕ್ಕೆ ಬಂತು.

ಅವನು ಕೊಡ ಹಿಡಿದು ಓಡಿಬಂದಾಗ ಫೈಲು ಹಪ್ಪಳದ ಹಿಟ್ಟಿನಂತೆ ಜೋತುಬಿದ್ದಿತ್ತು. ಶಾಯಿ ಹರಿದು ಅಕ್ಷರಗಳೆಲ್ಲ ಒಂದರೊಳಗೊಂದು ಸೇರಿದ್ದವು.

"ಗುಮಾಸ್ತರೇ, ನನ್ನ ಜೀವ ಅದು!"

"ನನ್ನ ಮುಖ ಸುಟ್ಟಿದ್ರೆ ನಿನಗೆ ಸಂತೋಷ ಆಗ್ತಿತ್ತೇನು?" ಗುಮಾಸ್ತರು ಸಿಡುಕಿದರು. "ಟೈಪಿಸ್ಟಮ್ಮ ಇದ್ದಾರೆ, ಮತ್ತೆ ಟೈಪ್ ಮಾಡ್ತಾರೆ. ಮೂಲ ದಾಖಲೆ ಏನೂ ಬೇಡ, ಸಾಹೇಬರ ದೃಢೀಕರಣ ಒಂದೇ ಹಾಳೆ ಸಾಕು. ನೀನು ಮೊದಲು ಗಾಡಿ ನೋಡು."

ಅವನು ಗಾಡಿ ನೋಡಿದ. ಆರಿದ ಮೇಲೆ ನೀರು ತುಂಬಿಸಿ ಎಂಜಿನ್ ಚಾಲೂ ಮಾಡಿದ. ಅರ್ಧ ಗಂಟೆ ನಿಂತಲ್ಲೇ ಓಡಿತು. ಸೂಜಿ ನಡುವೆ ನಿಂತಿತು, ಒಂದು ಗೆರೆ ಕೂಡ ಏರಲಿಲ್ಲ. ಅವನಿಗೆ ಭಯಕ್ಕಿಂತ ಕುತೂಹಲ ಜಾಸ್ತಿಯಾಯಿತು. ನೆಲದ ಮೇಲೆ ಮಲಗಿ ನೋಡಿದ, ಒಂದು ಹನಿ ಸೋರಿಲ್ಲ. ಹೊಗೆ ಕೊಳವೆಯ ಹತ್ತಿರ ಮೂಗಿಟ್ಟ, ಬಿಳಿ ಹೊಗೆಯಿಲ್ಲ. ಮೇಲಿನ ರಬ್ಬರ್ ಪೈಪು ಕೈ ಇಡಲಾಗದಷ್ಟು ಬಿಸಿ, ಕೆಳಗಿನದು ಬೆಚ್ಚಗೆ: ಅಂದರೆ ನೀರು ಸುತ್ತುತ್ತಿದೆ. ಫ್ಯಾನು ಹೊತ್ತಿಗೆ ಸರಿಯಾಗಿ ಗುಂಯ್ಗುಟ್ಟಿ, ಹೊತ್ತಿಗೆ ಸರಿಯಾಗಿ ಸುಮ್ಮನಾಯಿತು. ಆ ಕಚೇರಿಯಲ್ಲಿ ಸಮಯ ಪಾಲಿಸುವುದು ಅದೊಂದೇ.

"ಕಾಯಿಲೆಯೇ ಇಲ್ವಲ್ಲ!" ಎಂದು ಕಾರನ್ನು ಹೊರಗೆ ಓಡಿಸಿದ. ಐದು ಕಿಲೋಮೀಟರಿಗೆ ಸೂಜಿ ಕೆಂಪಿಗೆ ಹತ್ತಿತು. ನಿಲ್ಲಿಸಿದ, ಇಳಿಯಿತು. ಮತ್ತೆ ಓಡಿಸಿದ, ಮತ್ತೆ ಹತ್ತಿತು.

ಹಿಂತಿರುಗಿ ಬಂದು ತಲೆ ಕೆರೆದುಕೊಂಡ. "ವಿಚಿತ್ರ ನೋಡಿ. ಸುಮ್ನೆ ನಿಂತ್ರೆ ತಣ್ಣಗಿರುತ್ತೆ, ದುಡಿಸಿದ್ರೆ ಕುದಿಯುತ್ತೆ."

"ಹಾಗಾದ್ರೆ ಇದು ಕಾಯಂ ನೌಕರ," ಎಂದ ಕಾವಲುಗಾರ.

ಗುಮಾಸ್ತರು ಅವನನ್ನು ದುರುಗುಟ್ಟಿ ನೋಡಿದರು. "ಎಂಜಿನ್ ಬದಲಾಯಿಸ್ಬೇಕು ಅಂತ ಟಿಪ್ಪಣಿ ಹಾಕ್ತೀನಿ."

ಫೈಲಿನ ಹಾಳೆಗಳನ್ನು ಕಿಟಕಿಗೆ ಒಣಹಾಕುತ್ತಿದ್ದ ಟೈಪಿಸ್ಟಮ್ಮ ಅಲ್ಲಿಂದಲೇ ಕೇಳಿದರು: "ಯಾವತ್ತಿಂದ ಹೀಗೆ ತಮ್ಮಾ?"

"ಸೂಜಿ ಏರೋಕೆ ಶುರುವಾಗಿ ಒಂದೂವರೆ ತಿಂಗಳಾಯ್ತು ಅಕ್ಕಾ, ಕುದ್ದದ್ದು ಇವತ್ತೇ ಮೊದಲು."

"ಅಂದ್ರೆ ಸಾಹೇಬರಿಗೆ ಬಡ್ತಿ ಆದಾಗಿನಿಂದ."

ಟೆಂಪರರಿ ನಿಂತಲ್ಲೇ ನಿಂತ. ನಂತರ ಮೆಲ್ಲಗೆ ಕಾರಿನ ಮುಂದಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ. ಅಲ್ಲಿ ಬಡ್ತಿಯ ಮರುದಿನ ಸಾಹೇಬರು ಮಾಡಿಸಿ ಹಾಕಿಸಿದ ಹಿತ್ತಾಳೆ ಫಲಕ ಥಳಥಳಿಸುತ್ತಿತ್ತು. ಹಿರಿಯ ಉಪ ಮಹಾನಿರ್ದೇಶಕರು ಮತ್ತು ಹೆಚ್ಚುವರಿ ಪ್ರಭಾರ ಸಂಯೋಜಕರು. ಇಷ್ಟು ದೊಡ್ಡ ಪದವಿಗೆ ಸಣ್ಣ ಫಲಕ ಸಾಲದೆಂದು, ರೇಡಿಯೇಟರ್ ಗಾಳಿ ಕುಡಿಯುವ ಜಾಲರಿಯನ್ನು ಈ ಹೆಡ್‌ಲೈಟಿನಿಂದ ಆ ಹೆಡ್‌ಲೈಟಿನವರೆಗೆ ಮುಚ್ಚಿ ಬಿಗಿದಿದ್ದರು. ದಿನಾ ಬೆಳಿಗ್ಗೆ ಅದನ್ನು ಉಜ್ಜಿ ಹೊಳೆಸುತ್ತಿದ್ದವನು ಅವನೇ. ಫಲಕದ ಹಿಂದೆ ಬೆರಳು ತೂರಿಸಿದ: ಒಲೆಯ ಬಾಯಿ.

"ಉಸಿರಾಡೋಕೆ ಜಾಗ ಇಲ್ಲ ಇದಕ್ಕೆ! ಸಾಹೇಬರ ಪದವಿ ಬಾಯಿ ಕಟ್ಟಿಬಿಟ್ಟಿದೆ."

"ಶ್! ಮೆತ್ತಗೆ ಮಾತಾಡೋ," ಗುಮಾಸ್ತರು ಆಚೀಚೆ ನೋಡಿದರು. "ಎಂಜಿನ್ ಕೆಟ್ಟಿದೆ ಅಂದ್ರೆ ನಮ್ಮಪ್ಪನ ಗಂಟೇನು ಹೋಗುತ್ತೆ? ಫಲಕ ಮುಟ್ಟಿದ್ರೆ ನೀನು ಕೆಟ್ಟೆ."

ಗಡಿಯಾರ ಎರಡು ಗಂಟೆ ತೋರಿಸುತ್ತಿತ್ತು. ಟೆಂಪರರಿ ಸ್ಪ್ಯಾನರ್ ತೆಗೆದುಕೊಂಡು ನಾಲ್ಕು ನಟ್ಟು ಬಿಚ್ಚಿ, ಹತ್ತು ಕಿಲೋಮೀಟರ್ ಓಡಿಸಿ ಬಂದ. ಸೂಜಿ ನಡುವಿನಲ್ಲೇ ಇತ್ತು. ಫಲಕವನ್ನು ಎರಡು ಕೈಯಲ್ಲಿ ಹೊತ್ತು ನೇರ ಸಾಹೇಬರ ಕೋಣೆಗೆ ನುಗ್ಗಿದ. ತಮಾಷೆ ತಪ್ಪಿಹೋದೀತೆಂದು ಉಳಿದವರೂ ಹಿಂದೆ ಬಂದರು.

"ಸಾರ್, ತಪ್ಪಾದ್ರೆ ಬೈರಿ. ಗಾಡಿ ಬಿಸಿಯಾಗ್ತಿದ್ದದ್ದು ಇದರಿಂದ."

ಕೋಣೆಯಲ್ಲಿ ಸೊಳ್ಳೆಯೂ ಹಾರಾಟ ನಿಲ್ಲಿಸಿತು. ಸಾಹೇಬರು ಫಲಕ ನೋಡಿದರು, ಅವನನ್ನು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು.

"ಹೇಗೆ ಕಂಡುಹಿಡಿದೆ?"

ಅವನು ಎಲ್ಲವನ್ನೂ ಹೇಳಿದ: ಹನಿ, ಹೊಗೆ, ಎರಡು ಪೈಪು, ಫ್ಯಾನು, ನಿಂತಾಗ ಹೀಗೆ, ಓಡಿದಾಗ ಹಾಗೆ. ಸಾಹೇಬರು ಕತೆ ಕೇಳುವ ಮಗುವಿನ ಹಾಗೆ ಮೇಜಿನ ಮೇಲೆ ಬಾಗಿ ಕೇಳಿದರು. ಕೊನೆಗೆ ಎದ್ದು ಅವನ ಬೆನ್ನು ತಟ್ಟಿದರು.

"ಭಲೇ! ಈ ಕಚೇರಿಯಲ್ಲಿ ನನ್ನ ಮುಖಕ್ಕೆ ನಿಜ ಹೇಳಿದವನು ನೀನೊಬ್ಬನೇ. ಇಂಥ ತಲೆಯನ್ನ ಸ್ಟೇರಿಂಗ್ ಹಿಂದೆ ಕೊಳೆಸಿದೆವಲ್ಲ, ಅನ್ಯಾಯ! ಫಲಕ ಹಿಂದಿನ ಗಾಜಿಗೆ ಇಡು."

ಆಗಲೇ ಟೈಪಿಸ್ಟಮ್ಮ ಬಾಗಿಲಲ್ಲಿ ಹೊಸ ಹಾಳೆ ಹಿಡಿದು ನಿಂತರು. "ಸಾರ್, ದೃಢೀಕರಣ ಮತ್ತೆ ಟೈಪ್ ಮಾಡ್ತಿದ್ದೀನಿ. ಹುದ್ದೆ ಕಾಲಂ ಬಾಕಿಯಿದೆ. ಹಿಂದಿನ ಹಾಗೇ ಹಾಕ್ಲಾ?"

"ಹಿಂದಿನ ಹಾಗೆ ಯಾಕಮ್ಮಾ?" ಸಾಹೇಬರು ಉದಾರವಾಗಿ ಕೈ ಬೀಸಿದರು. "ಮೆಕ್ಯಾನಿಕ್ ಅಂತ ಹಾಕಿ. ಮನುಷ್ಯನಿಗೆ ಯೋಗ್ಯತೆಗೆ ತಕ್ಕ ಗೌರವ ಸಿಗ್ಬೇಕು."

ಟೆಂಪರರಿ ಕೈಮುಗಿದ. ಕಾವಲುಗಾರ ಚಪ್ಪಾಳೆ ತಟ್ಟಿದ. ಗುಮಾಸ್ತರು ಏನೋ ಹೇಳಲು ಬಾಯಿ ತೆರೆದು, ಸಾಹೇಬರ ಮುಖದ ಕಳೆ ನೋಡಿ, ಆಕಳಿಸಿ ಮುಚ್ಚಿಕೊಂಡರು.

ಗುಮಾಸ್ತರೂ ಮುಂದಿನ ಸೀಟಿನಲ್ಲಿ ಕೂತು ಜೊತೆಗೆ ಹೊರಟರು. ಅರವತ್ತು ಕಿಲೋಮೀಟರ್ ಕಾರು ಹೂವೆತ್ತಿದ ಹಾಗೆ ಹೋಯಿತು. ನಾಲ್ಕೂ ಮುಕ್ಕಾಲಿಗೆ ಸಾಹೇಬರು ಹಾಳೆ ಒಳಗೆ ಕೊಟ್ಟರು. ಐದಕ್ಕೆ ಐದು ನಿಮಿಷವಿದ್ದಾಗ ಕಿಟಕಿಯಿಂದ ಆದೇಶ ಬಂತು. ಟೆಂಪರರಿ ಅದನ್ನು ಕಣ್ಣಿಗೊತ್ತಿಕೊಂಡು ಓದಿದ. ಇನ್ನೊಮ್ಮೆ ಓದಿದ.

"ಸ್ವಾಮಿ, ಇದರಲ್ಲಿ ತಾತ್ಕಾಲಿಕ ಅಂತಲೇ ಇದೆ?"

ಕಿಟಕಿಯೊಳಗಿನವನು ಕತ್ತು ಮುಂದೆ ಮಾಡಿದ. "ಮೆಕ್ಯಾನಿಕ್ ಹುದ್ದೆಯಲ್ಲಿ ನಿಮ್ಮ ಸೇವೆ ಎಷ್ಟು?"

"ಹನ್ನೆರಡು ವರ್ಷ ಡ್ರೈವರ್..."

"ಮೆಕ್ಯಾನಿಕ್ ಆಗಿ ಎಷ್ಟು ಅಂದೆ."

"ಇವತ್ತು ಎರಡೂವರೆಯಿಂದ."

"ಇನ್ನು ಒಂಬತ್ತು ವರ್ಷ ಚಿಲ್ಲರೆ ಆದ ಮೇಲೆ ಬನ್ನಿ." ಕಿಟಕಿ ಮುಚ್ಚಿತು.

ಅವನು ಗುಮಾಸ್ತರ ಕಡೆ ತಿರುಗಿದ. ಅವರು ಕನ್ನಡಕ ಒರೆಸುತ್ತಿದ್ದರು. "ಹೇಳೋಣ ಅಂದ್ಕೊಂಡೆ ಕಣೋ. ಆದ್ರೆ ಸಾಹೇಬರು ಅಷ್ಟು ಖುಷಿಯಾಗಿದ್ರು..."

ಟೆಂಪರರಿ ಕೀಲಿ ಹಿಡಿದು ಅಂಗಳಕ್ಕೆ ಬಂದ. ಡ್ರೈವರ್ ಸೀಟಿನಲ್ಲಿ ಮಡಿಕೆ ಮುರಿಯದ ಹೊಸ ಸಮವಸ್ತ್ರದ, ದಪ್ಪ ಮೀಸೆಯ ಒಬ್ಬಾತ ಕೂತಿದ್ದ. ಕಿಟಕಿಯೊಳಗಿನವನ ಭಾವಮೈದ. ಡ್ರೈವರ್ ಹುದ್ದೆ ಎರಡೂವರೆಗೆ ಖಾಲಿಯಾಗಿತ್ತು, ನಾಲ್ಕೂ ಐವತ್ತಕ್ಕೆ ತುಂಬಿತ್ತು. ಕಾಯಂ.

ಸಾಹೇಬರು ಆಗಲೇ ಹಿಂದಿನ ಸೀಟಿನಲ್ಲಿ ಕೂತು ಪತ್ರಿಕೆ ಬಿಡಿಸಿದ್ದರು. ಹೊಸಬ ಕೀಲಿಗೆ ಕೈ ಚಾಚಿ, ಗೇರಿನ ಕೋಲನ್ನು ಅತ್ತಿತ್ತ ಅಲುಗಾಡಿಸಿ, ನಾಚಿಕೊಂಡು ಕೇಳಿದ:

"ಅಣ್ಣಾ, ಇದರಲ್ಲಿ ರಿವರ್ಸ್ ಎಲ್ಲಿ ಬೀಳುತ್ತೆ?"

ಟೆಂಪರರಿ ಕೀಲಿಯನ್ನು ಅವನ ಕೈಗಿಟ್ಟ. ಸಾಹೇಬರು ಪತ್ರಿಕೆಯಿಂದ ತಲೆ ಎತ್ತದೆ ಅಂದರು:

"ಹೇಳಿಕೊಡಯ್ಯಾ. ಮೆಕ್ಯಾನಿಕ್ ಅಲ್ವೇ ನೀನು?"