ಒಬ್ಬರಿಗಷ್ಟೇ ಜಾಗವಿದ್ದ ಕಂಪ್ಯೂಟರ್

ಸ್ಕೇಲಪ್ಪ ಅಮ್ಮನ ತಲೆ ಬಾಚುತ್ತಿದ್ದ. ಅಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಎಲ್ಲಾದರೂ ಸಿಕ್ಕು ಸಿಕ್ಕಿದರೆ ಅವನು ಕೂದಲ ಬುಡವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ನೋವಾಗದ ಹಾಗೆ ತುದಿಯಿಂದ ಬಿಡಿಸಿಕೊಂಡು ಮೇಲಕ್ಕೆ ಬರುತ್ತಿದ್ದ. ಅವನು ತೆಗೆದ ಬೈತಲೆಯನ್ನು ನೋಡಬೇಕಿತ್ತು. ಹಣೆಯಿಂದ ನೆತ್ತಿಯವರೆಗೆ ಒಂದು ಎಳೆಯೂ ಆಚೀಚೆ ಇಲ್ಲ. ಕಟ್ಟಡಗಳ ನಕ್ಷೆ ಬರೆಯುವ ಕೈ ಅದು, ಸೊಟ್ಟಗೆರೆ ಅದಕ್ಕೆ ಬರುತ್ತಲೇ ಇರಲಿಲ್ಲ. ಬೀದಿಯವರು ಅವನಿಗೆ ಸ್ಕೇಲಪ್ಪ ಅಂತ ಹೆಸರಿಟ್ಟದ್ದು ಅದಕ್ಕೇ. ನಿಂತರೂ ಹಾಗೇ ಕಾಣುತ್ತಿದ್ದ ಅನ್ನುವುದು ಬೇರೆ.

ಅಮ್ಮ ಬಿದ್ದು, ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿತ್ತು. ಎದ್ದು ನಿಲ್ಲಬೇಕಾದರೆ ಇನ್ನೊಬ್ಬರ ಹೆಗಲು ಬೇಕು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಊರವರ ಅಮ್ಮಂದಿರನ್ನೆಲ್ಲ ನೋಡಿಕೊಳ್ಳಲು ಹೋಗುವುದರಿಂದ ಹಗಲಲ್ಲಿ ಈ ಅಮ್ಮನಿಗೆ ಸಿಗುತ್ತಿರಲಿಲ್ಲ. ಸ್ಕೇಲಪ್ಪನ ರಜೆಗಳೂ ಮುಗಿದಿದ್ದವು. ಕೊನೆಗೆ ಆಫೀಸಿನ ಸಾಹೇಬರು ಒಂದು ದಿನದ ಪರೀಕ್ಷೆ ಇಟ್ಟರು. ಇವತ್ತು ಮನೆಯಲ್ಲೇ ಕೂತು ಶಾಲೆಯ ಮೆಟ್ಟಿಲಿನ ನಕ್ಷೆ ಮುಗಿಸಿ ಸಂಜೆಯೊಳಗೆ ಶಾಲೆಗೆ ಕಳಿಸಬೇಕು. ಕಳಿಸಿದರೆ, ಅಮ್ಮ ಓಡಾಡುವವರೆಗೂ ಮನೆಯಿಂದಲೇ ಕೆಲಸ. ಇಲ್ಲದಿದ್ದರೆ ನಾಳೆ ಅವನು ಆಫೀಸಿಗೆ, ಅಮ್ಮ ಅವನ ಅಕ್ಕನ ಮನೆಗೆ. ಅಕ್ಕನ ಮನೆಯ ಕಿಟಕಿ ತೆರೆದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಮಗಳು ಒಳ್ಳೆಯವಳೇ, ಆದರೆ ರಸ್ತೆ ಕಾಣದ ಕಡೆ ತನಗೆ ಗಾಯ ಮಾಯುವುದಿಲ್ಲ ಅಂತ ಅಮ್ಮ ಹೇಳಿಬಿಟ್ಟಿದ್ದರು.

ಸಾಹೇಬರು ಈಚೆಗೆ ಆಫೀಸಿನ ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕಿ ಒಂದು ವರ್ಚುವಲ್ ಮೆಷೀನ್ ತಗೊಂಡಿದ್ದರು. ಅದಕ್ಕೆ ಮೈಯಿಲ್ಲ. ಎಲ್ಲೋ ದೂರದಲ್ಲಿರುವ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗಿನ ಕಂಪ್ಯೂಟರ್ ಅದು. ಮನೆಯ ಲ್ಯಾಪ್‌ಟಾಪಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ತೆರೆದು, ವಿಳಾಸ ಹಾಕಿ, ಆಫೀಸಿಗೆಲ್ಲ ಸೇರಿ ಇರುವ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಅದರ ಪರದೆ ಇಲ್ಲಿ ಮೂಡುತ್ತದೆ. ಮಾರಲು ಬಂದವನು ಅದನ್ನು ಎಷ್ಟು ಹೊಗಳಿ ಹೋಗಿದ್ದನೋ, ಸಾಹೇಬರು ಅದರ ಸುದ್ದಿ ಬಂದರೆ ಸಾಕು, ಮನೆಗೆ ಬಂದ ಹೊಸ ಅಳಿಯನ ವಿಷಯ ಹೇಳುವವರ ಹಾಗೆ ಮುಖ ಅರಳಿಸುತ್ತಿದ್ದರು.

ಸ್ಕೇಲಪ್ಪ ಕೈ ತೊಳೆದು ಕೂತ. ಪರದೆ ಮೂಡಿತು. ಮೊದಲ ಮೆಟ್ಟಿಲು ಎಳೆದ, ಎರಡನೆಯದು ಎಳೆದ. ಮೂರನೆಯದಕ್ಕೆ ಮೌಸ್ ಇಡುವಷ್ಟರಲ್ಲಿ ಪರದೆ ಹೋಯಿತು. ಅದರ ಜಾಗದಲ್ಲಿ ಒಂದು ಚೌಕ. ಇನ್ನೊಬ್ಬರು ಒಳಗೆ ಬಂದದ್ದರಿಂದ ನಿಮ್ಮ ಸಂಪರ್ಕ ಕಡಿದಿದೆ ಅಂತ ಅದರಲ್ಲಿ ಬರೆದಿತ್ತು.

"ಸಾರಿ," ಅಂದ ಸ್ಕೇಲಪ್ಪ ಚೌಕಕ್ಕೆ. ಬಸ್ಸಿನಲ್ಲಿ ಬೇರೆಯವರು ಅವನ ಕಾಲು ತುಳಿದರೂ ಹಾಗೇ ಅನ್ನುವವನು.

ಸ್ವಲ್ಪ ತಡೆದು ಮತ್ತೆ ಪಾಸ್‌ವರ್ಡ್ ಹಾಕಿದ. ಬಿಟ್ಟ ಗೆರೆ ಬಿಟ್ಟಲ್ಲೇ ಇತ್ತು. ಮೆಟ್ಟಿಲು ಮುಂದುವರಿಯಿತು, ಮತ್ತೆ ಚೌಕ ಬಂತು. ನಕ್ಷೆ ಬರೆಯುವ ಇನ್ನೊಬ್ಬ, ಪಕ್ಕದ ಮೇಜಿನವನು, ಮರೆತು ಒಳಗೆ ಬರುತ್ತಿರಬೇಕು ಅಂತ ಅವನಿಗೆ ಫೋನ್ ಮಾಡಿದ. ಆ ಮನುಷ್ಯ ಬಿಸಿಲಲ್ಲಿ ಯಾರದೋ ತಾರಸಿಯ ಮೇಲೆ ಟೇಪು ಹಿಡಿದು ನಿಂತಿದ್ದ. ಇಲ್ಲಿ ನೆರಳಿಲ್ಲ, ನಿನಗೆ ಕಂಪ್ಯೂಟರ್ ಚಿಂತೆ ಅಂತ ಬೈದು ಫೋನ್ ಇಟ್ಟ. ಮೆಷೀನಿನ ಸಹಾಯವಾಣಿಗೆ ಮಾಡಿದರೆ, ನಿಮ್ಮ ಕರೆ ನಮಗೆ ಅಮೂಲ್ಯ ಅಂತ ಹೇಳಿ ಕೊಳಲು ನುಡಿಸತೊಡಗಿದರು. ಸ್ಕೇಲಪ್ಪ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕೊಕ್ಕರೆಯ ಹಾಗೆ ಕತ್ತು ಓರೆಮಾಡಿ, ಗೆರೆಗಳನ್ನು ಮಾತ್ರ ನೇರವಾಗಿ ಎಳೆಯುತ್ತಾ ಹೋದ.

ಅಷ್ಟರಲ್ಲಿ ಎದುರುಮನೆಯ ಟೈಲರಮ್ಮ ಅಮ್ಮನ ಬೆನ್ನಿಗೆ ಹೊಲಿದ ದಿಂಬು ತಂದರು. ಮೇಲಿನ ಮನೆಯ ಇಂಜಿನ್ ಮಾವ ಪೇಪರ್ ಕೇಳಲು ಇಳಿದು ಬಂದರು. ಅವರು ರೈಲು ಓಡಿಸಿ ರಿಟೈರಾದವರು. ಅಮ್ಮ ಇಬ್ಬರಿಗೂ ವಿಷಯ ತಿಳಿಸಿದರು: ಇವನು ಇಲ್ಲದ ಕಂಪ್ಯೂಟರಿನಲ್ಲಿ ಕೆಲಸ ಮಾಡ್ತಾನೆ, ಅದರೊಳಗಿಂದ ಯಾರೋ ಇವನನ್ನ ಕತ್ತು ಹಿಡಿದು ಆಚೆ ತಳ್ತಾರೆ.

ಟೈಲರಮ್ಮನ ಪ್ರಕಾರ ಅದು ಕಳ್ಳರೇ. ಮೆಟ್ಟಿಲು ಕದ್ದು ಕಳ್ಳರು ಏನು ಮಾಡುತ್ತಾರೆ ಅಂತ ಅಮ್ಮ ಕೇಳಿದರು. ಇಂಜಿನ್ ಮಾವ ಕನ್ನಡಕ ಏರಿಸಿ ಚೌಕವನ್ನು ಬಹಳ ಗೌರವದಿಂದ ಓದಿದರು.

"ಇದು ಸಿಂಗಲ್ ಲೈನ್ ಕಣೋ ಸ್ಕೇಲಪ್ಪ. ಒಂದೇ ಗಾಡಿಗೆ ದಾರಿ. ಎದುರಿಂದ ಇನ್ನೊಂದು ಬಂದ್ರೆ ನೀನು ಆಚೆ."

"ಹಾಗಾದ್ರೆ ಏನ್ ಮಾಡ್ಲಿ ಮಾವ?"

"ನೀನೂ ನುಗ್ಗು. ಅವನು ಆಚೆ."

ಸ್ಕೇಲಪ್ಪನಿಗೆ ಸಂಕೋಚ. ಒಳಗಿರುವವರು ಏನು ಅಂದುಕೊಳ್ಳುತ್ತಾರೋ. ಅಮ್ಮ ಮಂಚದಿಂದಲೇ, ನನ್ನನ್ನ ಗೋಡೆ ನೋಡೋಕೆ ಕಳಿಸ್ತೀಯೋ, ಇಲ್ಲಾ ನುಗ್ತೀಯೋ ಅಂತ ಕೇಳಿದರು. ಅವನು ನುಗ್ಗಿದ.

ಆಮೇಲೆ ಆ ಕೋಣೆಯಲ್ಲಿ ನಡೆದ ಕೆಲಸವನ್ನು ಎಷ್ಟು ಹೊಗಳಿದರೂ ಸಾಲದು. ಇಂಜಿನ್ ಮಾವ ಪರದೆಯಿಂದ ಕಣ್ಣು ಕೀಳಲಿಲ್ಲ. ಚೌಕ ಬಂದ ಕೂಡಲೇ "ಬಿತ್ತು" ಅನ್ನುವರು. ಟೈಲರಮ್ಮ ಪಕ್ಕದಿಂದ ಕೈ ಚಾಚಿ ಪಾಸ್‌ವರ್ಡ್ ಒತ್ತುವರು. ವರ್ಷಗಟ್ಟಲೆ ಸೂಜಿಗೆ ದಾರ ಪೋಣಿಸಿದ ಬೆರಳುಗಳು, ಒಂದು ಅಕ್ಷರವೂ ತಪ್ಪಲಿಲ್ಲ. ಪರದೆ ಮೂಡುವುದೇ ತಡ ಸ್ಕೇಲಪ್ಪ ಒಂದು ಮೆಟ್ಟಿಲು ಎಳೆಯುವನು. ನಡುವೆ ಅಮ್ಮನನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದ, ಮಾತ್ರೆ ಕೊಟ್ಟ, ಬಂದು ಮತ್ತೆ ಎಳೆದ. ಕಿವಿಯಲ್ಲಿ ಕೊಳಲು ಕೇಳುತ್ತಲೇ ಇತ್ತು. ಚಿಕ್ಕ ಮಕ್ಕಳ ಕಾಲಿಗೆ ತಕ್ಕ ಎತ್ತರ, ಓಡುವವರು ಜಾರದ ಹಾಗೆ ಅಂಚು, ಸುಸ್ತಾದವರು ನಿಲ್ಲಲು ನಡುವೆ ಒಂದು ಅಗಲ ಜಾಗ. ನೋಡುತ್ತಾ ನೋಡುತ್ತಾ ಟೈಲರಮ್ಮ, ಇಂಥ ಮೆಟ್ಟಿಲಿದ್ದಿದ್ದರೆ ತಾನೂ ಶಾಲೆ ಬಿಡುತ್ತಿರಲಿಲ್ಲ ಅಂದರು.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲ ಮುಗಿದು ಪಕ್ಕದ ರೇಲಿಂಗ್ ಒಂದು ಉಳಿಯಿತು. ಸ್ಕೇಲಪ್ಪ ಕತ್ತು ನೆಟ್ಟಗೆ ಮಾಡಿ, ಕೊಳಲಿಗೆ ಒಂದು ಥ್ಯಾಂಕ್ಸ್ ಹೇಳಿ ಫೋನ್ ಕಟ್ ಮಾಡಿದ. ಮಾಡಿದ್ದೇ ತಡ ಅದು ರಿಂಗಾಯಿತು. ಸಾಹೇಬರು.

ಎಲ್ಲರಿಗೂ ಕೇಳಲಿ ಅಂತ ಅಮ್ಮ ಸ್ಪೀಕರ್ ಹಾಕಿಸಿದರು.

"ಏನ್ರೀ ಅದು ಮೆಟ್ಟಿಲು," ಅಂದರು ಸಾಹೇಬರು. ಅವರ ದನಿ ತೇವವಾಗಿತ್ತು. "ನನ್ನ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ. ಆ ಅಂಚು, ಆ ಅಳತೆ. ಬೆಳಿಗ್ಗೆಯಿಂದ ಒಳಗೆ ಬಂದು ಬಂದು ನೋಡ್ತಾ ಇದ್ದೀನಿ."

ಕೋಣೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಳ್ಳ ಸಿಕ್ಕಿದ್ದ. ಸ್ಕೇಲಪ್ಪನ ಕಿವಿ ಸಂತೋಷಕ್ಕೆ ಕೆಂಪಾಯಿತು.

"ನೀವಾ ಸಾರ್ ಬರ್ತಾ ಇದ್ದದ್ದು?"

"ನಾನೇ. ನೀವು ಕೆಲಸ ಮಾಡ್ತಿದ್ದೀರೋ ಇಲ್ವೋ ನೋಡೋಣ ಅಂತ. ನಾನು ಬಂದಾಗೆಲ್ಲ ನೀವು ಇಲ್ಲ. ಮೌಸ್ ಅಲುಗ್ತಾ ಇಲ್ಲ. ಫೋನ್ ಮಾಡಿದ್ರೆ ಇಡೀ ದಿನ ಎಂಗೇಜು. ಆದ್ರೆ ಪ್ರತಿ ಸಲಾನೂ ಮೆಟ್ಟಿಲು ಬೆಳೆದಿದೆ ಕಣ್ರೀ. ತಾನಾಗೇ. ನಾನು ಒಂದು ನಿಮಿಷ ಜಾಸ್ತಿ ನೋಡ್ತಾ ಕೂತ್ರೆ ನನ್ನನ್ನೇ ಆಚೆ ಹಾಕುತ್ತೆ. ಕೆಲಸದ ಮಧ್ಯ ಮಾತಾಡಿಸಬೇಡಿ ಅನ್ನೋ ಹಾಗೆ. ಎಂಥಾ ಮೆಷೀನು."

ಸ್ಕೇಲಪ್ಪ ಫೋನಿನ ಹತ್ತಿರಕ್ಕೆ ಬಗ್ಗಿದ. "ಸಾರ್, ಅದು ನಾನೇ ಬರೆದದ್ದು. ನೀವು ಒಳಗೆ ಬಂದ ಕೂಡ್ಲೆ ನಾನು ಆಚೆ ಬೀಳ್ತೀನಿ. ಆ ಚೌಕದಲ್ಲೇ ಬರೆದಿರುತ್ತೆ ಸಾರ್."

ಚೌಕದಲ್ಲಿ ಬರುವುದನ್ನೆಲ್ಲ ಓದುತ್ತಾ ಕೂರಲು ತನಗೆ ಪುರುಸೊತ್ತಿಲ್ಲ, ಬಂದ ಕೂಡಲೇ ಸರಿ ಅಂತ ಒತ್ತುತ್ತೇನೆ ಅಂದರು ಸಾಹೇಬರು. ಆಮೇಲೆ ತಂದೆ ಮಗನಿಗೆ ಹೇಳುವ ಹಾಗೆ, ಬೇರೆಯವರ ಕೆಲಸಕ್ಕೆ ನಮ್ಮ ಹೆಸರು ಹಾಕಿಕೊಳ್ಳಬಾರದು, ಅದು ಮೆಷೀನೇ ಆದರೂ ಸರಿ ಅಂದರು.

ಇಂಜಿನ್ ಮಾವನಿಗೆ ತಡೆಯಲಾಗಲಿಲ್ಲ. ಫೋನಿಗೆ ಬಾಯಿ ಕೊಟ್ಟು, "ಸ್ವಾಮಿ, ನಾನು ಇಡೀ ದಿನ ಪಕ್ಕದಲ್ಲೇ ಇದ್ದವನು. ಪಾಪ ಹುಡುಗ ಒಳಗಿದ್ದದ್ದಕ್ಕಿಂತ ಆಚೆ ಬಿದ್ದಿದ್ದೇ ಹೆಚ್ಚು. ಪಾಸ್‌ವರ್ಡ್ ಕೂಡ ಟೈಲರಮ್ಮ ಒತ್ತಿದ್ರು," ಅಂದರು.

"ಕೇಳಿದ್ರಾ?" ಅಂದರು ಸಾಹೇಬರು. "ನಿಮ್ಮ ಕಡೆಯವರೇ ಹೇಳ್ತಾ ಇದ್ದಾರೆ. ನಾಳೆಯಿಂದ ಆಫೀಸಿಗೆ ಬನ್ನಿ. ಅದು ಹೇಗೆ ಕೆಲಸ ಮಾಡುತ್ತೆ ನೋಡಿ ಕಲೀರಿ. ಈಗ ರೇಲಿಂಗ್ ಒಂದು ಬಾಕಿ ಇದೆ. ಮೆಷೀನು ಅದನ್ನ ಹಾಕೋದನ್ನ ಕಣ್ಣಾರೆ ನೋಡ್ಬೇಕು ಅಂತ ಒಳಗೇ ಕೂತಿದ್ದೀನಿ. ನೀವು ಅಡ್ಡ ಬರಬೇಡಿ."

ಫೋನ್ ಇಟ್ಟರು. ಪರದೆಯ ಮೇಲೆ ಚೌಕ ಇತ್ತು.

ಇಂಜಿನ್ ಮಾವ ತಾನೇನು ತಪ್ಪು ಹೇಳಿದೆ ಅಂತ ಟೈಲರಮ್ಮನನ್ನು ಕಣ್ಣಲ್ಲೇ ಕೇಳಿದರು. ಅಮ್ಮ ರಸ್ತೆಯ ಕಡೆ ತಿರುಗಿದರು. ಸ್ಕೇಲಪ್ಪ ಸಾಹೇಬರಿಗೆ ಫೋನ್ ಮಾಡಿದ, ಎತ್ತಲಿಲ್ಲ. ಈಗ ನುಗ್ಗಿ ರೇಲಿಂಗ್ ಹಾಕಿದರೆ ಅದೂ ಮೆಷೀನಿನ ಲೆಕ್ಕಕ್ಕೇ ಹೋಗುತ್ತದೆ. ಹಾಕದೆ ಕೂತರೆ ಸತ್ಯ ತಾನಾಗಿ ತಿಳಿಯಬಹುದು, ಆದರೆ ನಕ್ಷೆ ಸಂಜೆಯೊಳಗೆ ಶಾಲೆ ಮುಟ್ಟುವುದಿಲ್ಲ, ಮುಟ್ಟಿದರೂ ರೇಲಿಂಗ್ ಇಲ್ಲದೆ ಮುಟ್ಟುತ್ತದೆ. ಬೇರೆ ಯಾರಾದರೂ ಆಗಿದ್ದರೆ ಕಾದು ಕೂರುತ್ತಿದ್ದರೋ ಏನೋ. ಮಕ್ಕಳು ಹತ್ತುವ ಮೆಟ್ಟಿಲನ್ನು, ಕಾಗದದ ಮೇಲಾದರೂ ಸರಿ, ರೇಲಿಂಗ್ ಇಲ್ಲದೆ ಬಿಟ್ಟು ಏಳುವುದು ಅವನಿಂದ ಆಗುವ ಕೆಲಸವಲ್ಲ.

ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಪರದೆಯ ಹತ್ತಿರ ಬಗ್ಗಿ, ಚೌಕಕ್ಕೆ ಮೆಲ್ಲನೆ ಹೇಳಿದ:

"ಸಾರ್, ಒಂದೈದು ನಿಮಿಷ ಆಚೆ ಬರ್ತೀರಾ? ರೇಲಿಂಗ್ ಹಾಕಿಬಿಡ್ತೀನಿ."