ಶಾಲು ಹೊದ್ದ ಅಮೆರಿಕದ ಅಳಿಯ

ನಮ್ಮೂರಿಗೆ ದೊಡ್ಡ ಆಟಗಾರರು ಬರುವುದೇ ಅಪರೂಪ. ಬಂದವರನ್ನು ಆಡಲು ಬಿಡುವುದು ಅದಕ್ಕಿಂತ ಅಪರೂಪ. ಭದ್ರಾವತಿ ನ್ಯೂ ಟೌನಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೆ ಕಾರ್ಯದರ್ಶಿಯಾದ ಮೇಲೆ ಇಂಥದ್ದನ್ನು ನೋಡುವುದೇ ನನ್ನ ಕೆಲಸವಾಗಿದೆ.

೧. ಎತ್ತರದ ಉಪಯೋಗ

ಅಮೆರಿಕದ ಆಟಗಾರರೊಬ್ಬರು ಹಲವು ದೇಶಗಳ ಕ್ಲಬ್ಬುಗಳಿಗೆ ಆಡಿ, ಮಂಡಿನೋವು ಹತ್ತಿಸಿಕೊಂಡು, ದುಬೈಯಲ್ಲಿ ಅದಕ್ಕೆ ಚಿಕಿತ್ಸೆ ಕೊಟ್ಟ ಫಿಸಿಯೋಥೆರಪಿಸ್ಟನ್ನೇ ಮದುವೆಯಾದರು. ಆಕೆ ನಮ್ಮ ನ್ಯೂ ಟೌನಿನ ಹುಡುಗಿ. ಊರಿಗೆ ಮರಳಿ ಕ್ಲಿನಿಕ್ ತೆರೆದಳು. ಇವರೂ ಇಲ್ಲೇ ನೆಲೆಸಿ ಇಡೀ ಬೀದಿಗೆ ಅಳಿಯನಾದರು.

ಬಂದವರೇ ನನ್ನನ್ನು ಹುಡುಕಿಕೊಂಡು ಬಂದು, “ಸಾರ್, ಇನ್ನೊಂದು ಮ್ಯಾಚ್ ಆಡಬೇಕು. ಈ ಊರಿನವನಾಗಿ ಆಡಬೇಕು” ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಆಗಲಿ ಎನ್ನುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಂದು ಅವರ ಕೈ ಹಿಡಿದೆಳೆದರು.

“ಹೇಗೂ ನಿಂತಿದ್ದೀಯಲ್ಲ ಮಾರಾಯ, ಅಟ್ಟದ ಮೇಲಿನ ಹಂಡೆ ಇಳಿಸಿಕೊಟ್ಟು ಹೋಗು.”

ಹಂಡೆ ಇಳಿಸಿದ್ದೇ ತಪ್ಪಾಯಿತು. ಆಮೇಲೆ ಆ ಬೀದಿಯಲ್ಲಿ ಯಾರೂ ಏಣಿ ಕೊಳ್ಳಲಿಲ್ಲ.

೨. ಸನ್ಮಾನ

ಮುಂದಿನ ಪಂದ್ಯಕ್ಕೆ ಅವರು ಚಡ್ಡಿ, ಶೂ ಹಾಕಿಕೊಂಡು ಉತ್ಸಾಹದಿಂದ ಬಂದರು. ಅಷ್ಟು ದೊಡ್ಡವರನ್ನು ಸುಮ್ಮನೆ ಆಡಿಸುವುದು ಹೇಗೆ? ಮುಖ್ಯ ಅತಿಥಿ ಮಾಡಿ ವೇದಿಕೆ ಹತ್ತಿಸಿದೆವು. ನಮ್ಮ ಅಧ್ಯಕ್ಷರು ಸ್ವಲ್ಪ ಕುಳ್ಳು. ಕುರ್ಚಿ ಹತ್ತಿ ಪೇಟ ತೊಡಿಸಿದರು, ಇಳಿಯಲು ಅತಿಥಿಗಳೇ ಕೈ ಹಿಡಿಯಬೇಕಾಯಿತು. ಪೇಟ, ಶಾಲು ಧರಿಸಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಅವರು ಭಾಷಣ ಕೇಳುತ್ತ ಕುಳಿತರು. ಕೆಳಗೆ ಪಂದ್ಯ ಮುಗಿಯಿತು, ಮೇಲೆ ಭಾಷಣ ಮುಗಿಯಲಿಲ್ಲ.

ಸುದ್ದಿ ಹಬ್ಬಿತು. ಶಂಕರಘಟ್ಟದವರು ಕರೆದು ಶಾಲು ಹೊದಿಸಿದರು. ಹೊಳೆಹೊನ್ನೂರಿನವರು ಕರೆದು ಕಬಡ್ಡಿ ಉದ್ಘಾಟನೆ ಮಾಡಿಸಿದರು. ಭಾಷಣ ಕೇಳಿ ಕೇಳಿಯೇ ಅವರಿಗೆ ಕನ್ನಡ ಬಂದುಬಿಟ್ಟಿತು. ಕೊನೆಗೆ ಅವರ ಅತ್ತೆಯೇ ನನ್ನನ್ನು ತಡೆದು ನಿಲ್ಲಿಸಿದರು.

“ಮನೇಲಿ ಕಿಟಕಿಗೆಲ್ಲ ಶಾಲೇ ಕಟ್ಟಿದ್ದೀವಿ. ಒಂದ್ಸಲ ಅವರನ್ನ ಆಡಕ್ಕೆ ಕರೀರಿ ನೋಡೋಣ.”

೩. ಹೊರಗಿನವರು

ಶಿವಮೊಗ್ಗ ಮತ್ತು ಭದ್ರಾವತಿ ನಡುವೆ ವರ್ಷಕ್ಕೊಂದು ಪಂದ್ಯ ಇದೆ. ಹೊರಗಿನವರು ಆಡುವಂತಿಲ್ಲ ಎಂಬುದು ನಿಯಮ. ಅಳಿಯನ ಹೆಸರು ಕೊಟ್ಟ ಕೂಡಲೇ ಶಿವಮೊಗ್ಗದ ಕ್ಯಾಪ್ಟನ್ ತಕರಾರು ತೆಗೆದ.

“ಇವರು ನಮ್ಮೂರಿನ ಅಳಿಯ ಕಣಯ್ಯ” ಎಂದೆ.

“ಅಳಿಯ ಅಂದ್ರೆ ಹೊರಗಿನವರೇ ಅಲ್ವಾ ಸಾರ್?”

ನಾನೂ ಭದ್ರಾವತಿಯ ಅಳಿಯನೇ. ಅರ್ಧ ಆಯುಷ್ಯ ಇಲ್ಲೇ ಕಳೆದರೂ ಮಾವನ ಮನೆಯಲ್ಲಿ ಇವತ್ತಿಗೂ ನನ್ನನ್ನು ನೆಂಟರ ಸಾಲಿನಲ್ಲೇ ಊಟಕ್ಕೆ ಕೂರಿಸುತ್ತಾರೆ. ಪಕ್ಕದಲ್ಲಿ ಅಮೆರಿಕದ ಅಳಿಯ ತಲೆ ತಗ್ಗಿಸಿ ನಿಂತಿದ್ದರು. ಎರಡೂ ಊರಿನ ಹಿರಿಯರ ಮುಂದೆ ವಿಷಯ ಇಟ್ಟೆ.

ಹಿರಿಯರೆಲ್ಲ ಸೇರಿ ಯಾರ ಮನಸ್ಸೂ ನೋಯದಂಥ ತೀರ್ಮಾನ ಕೊಟ್ಟರು. ಮೊದಲರ್ಧ ಅವರು ಭದ್ರಾವತಿಗೆ ಆಡಲಿ, ಉಳಿದರ್ಧ ಶಿವಮೊಗ್ಗಕ್ಕೆ.

“ಆಡಕ್ಕೆ ಬಿಟ್ರೆ ಸಾಕು” ಎಂದರು ಅಳಿಯ.

ಮೊದಲರ್ಧ ನಮ್ಮನ್ನು ಎತ್ತರಕ್ಕೆ ಒಯ್ದರು. ಉಳಿದರ್ಧದಲ್ಲಿ ಅಷ್ಟೇ ಪ್ರಾಮಾಣಿಕವಾಗಿ ನಮ್ಮನ್ನು ಕೆಳಗಿಳಿಸಿದರು. ಪಂದ್ಯ ಸಮವಾಯಿತು. ಇನ್ನು ಹೆಚ್ಚುವರಿ ಆಟ. ಅವರು ಯಾರ ಕಡೆ?

“ಹೆಣ್ಣು ಕೊಟ್ಟೋರು ನಾವು” ಎಂದು ನಾವು ಒಂದು ಕೈ ಹಿಡಿದೆವು. “ಮದುವೆ ಆಗಿದ್ದು ನಮ್ಮ ಶಿವಮೊಗ್ಗದ ಛತ್ರದಲ್ಲಿ, ಇವರು ನಮ್ಮೋರು” ಎಂದು ಇನ್ನೊಂದು ಕೈ ಹಿಡಿದವನು ಅದೇ ಕ್ಯಾಪ್ಟನ್.

ಅಳಿಯ ಎರಡೂ ಕೈ ಬಿಡಿಸಿಕೊಂಡರು. “ಅಳಿಯ ಹೊರಗಿನವನು. ಹೊರಗಿನವರು ಆಡೋ ಹಾಗಿಲ್ಲ. ನಿಯಮ ನಿಯಮವೇ ಸಾರ್.”

ನೇರವಾಗಿ ವೇದಿಕೆ ಹತ್ತಿ, ಮುಖ್ಯ ಅತಿಥಿಯ ಕುರ್ಚಿಯ ಮೇಲಿದ್ದ ಶಾಲನ್ನು ತಾವೇ ಹೊದ್ದು, ಮೈಕ್ ಹಿಡಿದರು.

“ವೇದಿಕೆಯ ಮೇಲಿರುವ ಗಣ್ಯರೇ, ಎರಡೇ ಎರಡು ಮಾತು ಹೇಳಿ ಮುಗಿಸ್ತೀನಿ.”

ಕತ್ತಲಾಗಿ ಚೆಂಡು ಕಾಣದಂತಾಗುವವರೆಗೂ ಮಾತಾಡಿದರು. ಹೆಚ್ಚುವರಿ ಆಟ ನಡೆಯಲೇ ಇಲ್ಲ. ಅವರು ಈ ಊರಿನವರಲ್ಲ ಎಂದು ಆಮೇಲೆ ಯಾರೂ ಹೇಳಿಲ್ಲ.